ಒಂದು ಮಳೆಗಾಲ ದಾಟಿದ ಸಾಮಾನುಗಳು

ಕೊಂಡ ಸಾಮಾನಿನ ಗುಣ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಬಿಡದೆ ಸುರಿದಾಗ, ಕರೆಂಟು ಹೋಗಿ ಮೂರನೇ ರಾತ್ರಿಯಾದಾಗ, ತೋಟದ ಬಸಿಗಾಲುವೆಯಲ್ಲಿ ಮೊಣಕಾಲುದ್ದ ನೀರು ಹರಿಯುವಾಗ ಗೊತ್ತಾಗುತ್ತದೆ. ನಮ್ಮದು ಸಾಗರದ ಕಡೆಯ ಅಡಿಕೆ ತೋಟ. ಕಳೆದ ಬೇಸಿಗೆಯಿಂದ ಈಚೆಗೆ ಮನೆಗೂ ತೋಟಕ್ಕೂ ಸೇರಿ ಎಂಟು ಹತ್ತು ಸಾಮಾನು ಕೊಂಡೆವು. ತಂದ ವಾರದಲ್ಲೇ ಬರೆದಿದ್ದರೆ ಎಲ್ಲವನ್ನೂ ಹೊಗಳಿ ಬರೆಯುತ್ತಿದ್ದೆನೇನೋ. ಒಂದು ಮಳೆಗಾಲ ಪೂರ್ತಿ ಬಳಸಿ, ತೊಳೆದು ಒಣಗಿಸಿ ಅಟ್ಟಕ್ಕೆ ಏರಿಸಿದ ಮೇಲೆ ಬರೆಯುತ್ತಿದ್ದೇನೆ.

ಬಳಸಿ ನೋಡಿದ್ದನ್ನು ಇನ್ನೊಬ್ಬರಿಗೆ ಹೇಳುವುದು ಅಡಿಕೆ ಸೀಮೆಯವರಿಗೆ ಹೊಸದಲ್ಲ. 1988ರಲ್ಲಿ ಪುತ್ತೂರಿನಿಂದ ಶುರುವಾದ ‘ಅಡಿಕೆ ಪತ್ರಿಕೆ’ ಬೆಳೆಗಾರನ ಕೈಗೇ ಪೆನ್ನು ಕೊಟ್ಟು, ಯಾವ ಯಂತ್ರ ಯಾರ ತೋಟದಲ್ಲಿ ಹೇಗೆ ನಡೆಯಿತು ಎಂದು ಅವರಿಂದಲೇ ಬರೆಸಿತು. ನನಗೆ ಆ ದಾರಿಯೇ ಸರಿ ಅನ್ನಿಸುತ್ತದೆ. ತಯಾರಕರ ಚೀಟಿ ಒಂದು ಸಾಮಾನು ಏನು ಮಾಡುತ್ತದೆ ಎಂದು ಹೇಳುತ್ತದೆ. ಅದು ಎಲ್ಲಿ ಕೈಕೊಡುತ್ತದೆ ಎಂದು ಹೇಳುವವನು ಬಳಸಿದವನು.

ಮೊದಲು ಕಾಲು

ಈ ಸಲದ ಖರೀದಿಯಲ್ಲಿ ದುಡ್ಡಿನ ಲೆಕ್ಕದಲ್ಲಿ ಸಣ್ಣದು ಗಂಬೂಟು. ದಿನಾಲೂ ಬಳಕೆಯಾದದ್ದೂ ಅದೇ. ನಮ್ಮ ಅಪ್ಪನ ಕಾಲದವರು ಬರಿಗಾಲಲ್ಲೇ ತೋಟ ತಿರುಗಿದವರು. ಕಾಲಿಗೆ ಸುಣ್ಣ-ಹೊಗೆಸೊಪ್ಪು ಹಚ್ಚಿಕೊಂಡು ಉಂಬಳ ತಡೆದವರು. ಉಂಬಳದ ಮಟ್ಟಿಗೆ ಅದು ಸಾಕು. ಆದರೆ ಗಂಬೂಟು ತಡೆಯಬೇಕಾದದ್ದು ಅದಕ್ಕಿಂತ ದೊಡ್ಡದನ್ನು.

ಹಾವು ಕಡಿತದಲ್ಲಿ ಹೆಚ್ಚಿನವು ಬೀಳುವುದು ಮೊಣಕಾಲಿನ ಕೆಳಗೆ. ಕೊಳಕುಮಂಡಲ ತರಗೆಲೆಯ ನಡುವೆ ಮಲಗಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಈಗ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟಿಗೆ ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಘಟ್ಟದ ಗುಳಿಮಂಡಲಗಳು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಮಲೆನಾಡಿನ ತೋಟದಲ್ಲಿ ಕಚ್ಚಿಸಿಕೊಳ್ಳದಿರುವುದೇ ಮೊದಲ ಔಷಧಿ. ಕಚ್ಚಿತೆಂದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಾಲು ಅಲ್ಲಾಡಿಸದಂತೆ ಹೊತ್ತುಕೊಂಡು ಆಸ್ಪತ್ರೆಗೆ ಹೋಗಬೇಕು.

ಮಳೆಗಾಲ ಮುಗಿದರೆ ಗಂಬೂಟಿನ ಕೆಲಸ ಮುಗಿಯಿತೆಂದು ಬಹಳ ಮಂದಿ ತಿಳಿದಿದ್ದಾರೆ. ಮಂಗನ ಕಾಯಿಲೆಯ ಉಣುಗು ಕಾಡುವುದು ಬೇಸಿಗೆಯಲ್ಲಿ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಗುರುತಾದ ಕಾಯಿಲೆ ಅದು. ಬೆಟ್ಟದಲ್ಲಿ ದರಕು ಗುಡಿಸಲು ಹೋಗುವ ದಿನಗಳಲ್ಲಿ ಉದ್ದ ಪ್ಯಾಂಟನ್ನು ಬೂಟಿನೊಳಗೆ ತುರುಕಿ, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲ ಹಚ್ಚಿಕೊಂಡು ಹೋಗಬೇಕು. ಇನ್ನು ಇಲಿಜ್ವರ. ಇಲಿಯ ಮೂತ್ರ ಸೇರಿದ ಕೆಸರುನೀರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೂ ಸಾಕು.

ಕೊಳ್ಳುವಾಗ ದಪ್ಪ ಕಾಲುಚೀಲ ಹಾಕಿಕೊಂಡೇ ಅಂಗಡಿಗೆ ಹೋಗಿ. ಚಪ್ಪಲಿಯ ನಂಬರಿಗಿಂತ ಒಂದು ನಂಬರು ದೊಡ್ಡದು ಬೇಕಾಗುತ್ತದೆ. ನಾಲ್ಕು ಹೆಜ್ಜೆ ನಡೆದು ಹಿಮ್ಮಡಿ ಮೇಲೇಳುತ್ತದೆಯೇ ನೋಡಿ; ಎದ್ದರೆ ಎರಡು ದಿನದಲ್ಲಿ ಬೊಕ್ಕೆ ಬರುತ್ತದೆ. ಅಡಿಯ ಗೆರೆ ಆಳವಾಗಿರಲಿ. ಹಾವಸೆ ಕಟ್ಟಿದ ಅಡಿಕೆ ದಬ್ಬೆಯ ಸಂಕ ದಾಟುವಾಗ ಅದರ ಬೆಲೆ ಗೊತ್ತಾಗುತ್ತದೆ. ನನ್ನ ಹಿಂದಿನ ಜೋಡಿ ಕಣಕಾಲಿನ ಮಡಿಕೆಯಲ್ಲಿ ಒಡೆಯಿತು. ತಪ್ಪು ನನ್ನದೇ. ತೊಳೆದು ಅಂಗಳದ ಬಿಸಿಲಿಗೆ ಇಡುತ್ತಿದ್ದೆ, ಪಿವಿಸಿ ಬಿಸಿಲಿಗೆ ಗಡುಸಾಗಿ ಒಡೆಯುತ್ತದೆ. ಈಗ ಒಳಗೆ ಹಳೇ ಪೇಪರು ತುಂಬಿ, ತೇವ ಎಳೆದ ಮೇಲೆ ಜಗುಲಿಯ ಗೂಟಕ್ಕೆ ತಲೆಕೆಳಗಾಗಿ ಹಾಕುತ್ತೇನೆ. ತಲೆಕೆಳಗಾಗಿದ್ದರೆ ಚೇಳು, ಕಪ್ಪೆ, ಹಾವಿನ ಮರಿ ಒಳಸೇರುವುದೂ ಕಡಿಮೆ. ಹಾಗಿದ್ದರೂ ಹಾಕಿಕೊಳ್ಳುವ ಮೊದಲು ಒಮ್ಮೆ ಕೊಡವಿ.

ಹಾರೆ, ಕಲ್ಲಿನ ಕೆಲಸ ಇದ್ದವರು ಮುಂದೆ ಉಕ್ಕಿನ ಟೋಪಿ ಇರುವ ಬೂಟು ನೋಡಿ. ಸುರಕ್ಷತಾ ಬೂಟುಗಳಿಗೆ ಐಎಸ್ 15298 ಎಂಬ ಮಾನದಂಡ ಇದೆ. ಐಎಸ್‌ಐ ಗುರುತಿನ ಜೊತೆಗಿರುವ ಸಿಎಂ/ಎಲ್ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಗುರುತು ಅಸಲಿಯೋ ನಕಲಿಯೋ ಅಂಗಡಿಯಲ್ಲೇ ತಿಳಿಯುತ್ತದೆ.

ಹುಲ್ಲು ಕೊಚ್ಚುವ ಯಂತ್ರ

ಈ ವರ್ಷದ ದೊಡ್ಡ ಖರೀದಿ ವೀಡ್ ಕಟರ್. ಹಿಂದೆ ಇದ್ದದ್ದು ಟೂ ಸ್ಟ್ರೋಕ್. ಅದಕ್ಕೆ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಬೇಕು. 50ಕ್ಕೆ 1ರ ಲೆಕ್ಕವಾದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಆದರೆ 40 ಮಿ.ಲೀ. ಯಾವುದು ಎಂದು ಯಂತ್ರದ ಪುಸ್ತಕದಲ್ಲಿ ನೋಡಿ ಮಾಡಬೇಕೇ ಹೊರತು ಅಂದಾಜಿನಲ್ಲಲ್ಲ. ನಮ್ಮ ಮನೆಯಲ್ಲಿ ಯಂತ್ರ ಮುಟ್ಟುವ ಕೈ ನಾಲ್ಕು. ಒಂದು ದಿನ ಅವಸರದಲ್ಲಿ ಬರೀ ಪೆಟ್ರೋಲ್ ಬಿತ್ತು, ಪಿಸ್ಟನ್ ಹಿಡಿದು ಕುಳಿತಿತು. ರಿಪೇರಿಯ ಖರ್ಚು ಕೇಳಿದ ಮೇಲೆ ಅದನ್ನು ಬಿಟ್ಟೆವು.

ಈ ಸಲ ತಂದದ್ದು 35 ಸಿಸಿಯ ಫೋರ್ ಸ್ಟ್ರೋಕ್. ಇದಕ್ಕೆ ಬೆರಕೆಯ ತಲೆಬಿಸಿ ಇಲ್ಲ, ಹೊಗೆ ಕಡಿಮೆ. ಆದರೆ ಇದರ ಹೊಟ್ಟೆಯಲ್ಲಿ ಹಿಡಿಯುವ ಎಂಜಿನ್ ಆಯಿಲ್ 100 ಮಿ.ಲೀ. ಆಸುಪಾಸು ಮಾತ್ರ. ಅಷ್ಟು ಕಡಿಮೆ ಇರುವುದರಿಂದ ಸ್ವಲ್ಪ ಇಳಿದರೂ ಎಂಜಿನ್ನಿಗೆ ಪೆಟ್ಟು. ದಿನಾ ಹಗ್ಗ ಎಳೆಯುವ ಮೊದಲು ನೋಡಲೇಬೇಕು. ಹೊಸ ಯಂತ್ರಕ್ಕೆ ಮೊದಲ 10 ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಿದೆ, ಆಮೇಲೆ 50 ಗಂಟೆಗೊಮ್ಮೆ. ಯಾರು ಎಷ್ಟು ಹೊತ್ತು ಓಡಿಸಿದರು ಎಂದು ಕೊಟ್ಟಿಗೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇವೆ.

ಪೆಟ್ರೋಲಿನ ವಿಷಯದಲ್ಲಿ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೆಚ್ಚಾದರೆ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಮಲೆನಾಡಿನ ಜುಲೈ ತಿಂಗಳಿನಲ್ಲಿ ಗಾಳಿಯೇ ಒದ್ದೆ. ಕ್ಯಾನಿನಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಪೆಟ್ರೋಲ್ ಇಟ್ಟುಕೊಳ್ಳಬೇಡಿ. ಕೆಲಸ ಮುಗಿದು ಯಂತ್ರ ಅಟ್ಟಕ್ಕೆ ಹೋಗುವ ಮುನ್ನ ಟ್ಯಾಂಕು ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ. ಮುಂದಿನ ವರ್ಷ ಕಾರ್ಬುರೇಟರ್ ಬಿಚ್ಚಿಸುವ ಖರ್ಚು ಉಳಿಯುತ್ತದೆ.

ನೈಲಾನ್ ದಾರವೋ ಬ್ಲೇಡೋ ಎಂದು ಎಲ್ಲರೂ ಕೇಳುತ್ತಾರೆ. ಎಳೆ ಹುಲ್ಲಿಗೆ, ಕಾಲುವೆ ಅಂಚಿಗೆ ದಾರ. ಬ್ಯಾಣದಲ್ಲಿ ಬೆಳೆದ ಕಮ್ಯುನಿಸ್ಟ್ ಗಿಡ, ಲಂಟಾನಕ್ಕೆ ಬ್ಲೇಡು. ದಾರವನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ. ನೈಲಾನ್ ನೀರು ಕುಡಿದು ಮೆತ್ತಗಾಗುತ್ತದೆ, ತುಂಡಾಗುವುದು ಕಡಿಮೆಯಾಗುತ್ತದೆ. ಆದರೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ ಮರದ ಬುಡಕ್ಕೆ ಎರಡಡಿ ಹತ್ತಿರವೂ ಈ ಯಂತ್ರ ಬೇಡ. ಬಳ್ಳಿಯ ಬುಡದ ಸಿಪ್ಪೆ ಎದ್ದರೆ ಸೊರಗು ರೋಗಕ್ಕೆ ಬಾಗಿಲು ತೆರೆದ ಹಾಗೆ. ಅಲ್ಲಿ ಕತ್ತಿಯೇ ಆಗಬೇಕು.

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಯಂತ್ರದ ಬಗ್ಗೆ ಅಲ್ಲ, ಯಂತ್ರ ಹಿಡಿದವನ ಬಗ್ಗೆ. ಈ ಜುಲೈನಲ್ಲಿ ಮೇಲಿನ ಅಗಳದ ಪಕ್ಕ ಹುಲ್ಲು ಕೊಚ್ಚುವಾಗ ಜಂಬಿಟ್ಟಿಗೆಯ ಚೂರೊಂದು ಹಾರಿ ಕಣ್ಣಿನ ಎದುರಿನ ಕನ್ನಡಕಕ್ಕೆ ಬಡಿಯಿತು. ಅದು ಗೀರಿದ ಗುರುತು ಈಗಲೂ ಇದೆ, ಸರಿಯಾಗಿ ಎಡಗಣ್ಣಿನ ನಡುವೆ. ಬ್ಲೇಡು ಕಲ್ಲನ್ನು ಎಸೆಯುವ ವೇಗಕ್ಕೆ 15 ಮೀಟರ್, ಅಂದರೆ 50 ಅಡಿ ದೂರದೊಳಗೆ ಇನ್ನೊಬ್ಬರು ಇರಬಾರದು ಎಂದು ತಯಾರಕರೇ ಬರೆಯುತ್ತಾರೆ. ಹಿಂದೆಯೇ ಹುಲ್ಲು ಬಾಚುತ್ತಾ ಬರುವವರನ್ನು ನಾವು ನಿಲ್ಲಿಸಬೇಕು. ಕೊಚ್ಚಿ ಒಂದು ಗಂಟೆ ತಡವಾಗಿ ಬಾಚಿದರೆ ಹುಲ್ಲು ಎಲ್ಲೂ ಓಡುವುದಿಲ್ಲ.

ಪ್ಲಾಸ್ಟಿಕ್ಕಿನ ಮುಖಪರದೆ ಮಳೆಯಲ್ಲಿ ಮಂಜು ಹಿಡಿಯುತ್ತದೆ, ಎರಡನೇ ದಿನ ಎಲ್ಲರೂ ತೆಗೆದು ಎಸೆಯುತ್ತಾರೆ. ತಂತಿಬಲೆಯ ಮುಖಪರದೆ ಮಂಜು ಹಿಡಿಯುವುದಿಲ್ಲ, ಆದರೆ ಸಣ್ಣ ಚೂರು ಒಳಗೆ ನುಗ್ಗುತ್ತದೆ. ಬಲೆಯ ಒಳಗೊಂದು ಕನ್ನಡಕ, ಇವೆರಡೂ ಸೇರಿದರೆ ಕಣ್ಣು ಉಳಿಯುತ್ತದೆ.

ಕಿವಿಯನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ ಎಂಬ ಲೆಕ್ಕ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಪೆಟ್ರೋಲ್ ಕಟರ್‌ಗಳ ಸದ್ದು ಹಿಡಿದವನ ಕಿವಿಯ ಬಳಿ 95ರ ಮೇಲೆ ಹೋಗುವುದು ಸಾಮಾನ್ಯ. 97 ಆದರೆ ಅರ್ಧ ಗಂಟೆಯಷ್ಟೇ ಅವಕಾಶ. ನಾವು ಓಡಿಸುವುದು ಬೆಳಗಿನಿಂದ ಮಧ್ಯಾಹ್ನದವರೆಗೆ. ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ಪೆಟ್ಟು ಬಿದ್ದಿದೆ ಎಂದೇ ಅರ್ಥ. ಹೋದ ಕಿವಿ ಮತ್ತೆ ಬರುವುದಿಲ್ಲ. ಕಿವಿ ಮುಚ್ಚುವ ಇಯರ್ ಮಫ್ ಕೊಂಡ ದಿನದಿಂದ ನನಗೆ ಆ ಗುಂಯ್ ನಿಂತಿದೆ.

ಯಂತ್ರದ ಜೊತೆ ಬಂದ ಒಂಟಿ ಪಟ್ಟಿಯನ್ನು ಬದಿಗಿಟ್ಟು, ಎರಡೂ ಹೆಗಲಿಗೆ ಬರುವ ಪಟ್ಟಿ ಬೇರೆಯೇ ಕೊಂಡೆ. ಸೊಂಟನೋವು ಅರ್ಧ ಇಳಿಯಿತು.

ಬ್ಯಾಟರಿ ಮೇಲಿನ ಅಂಕಿಗಳು

ಗೊಬ್ಬರದ ಗಿಡ, ಬೇಲಿಸಾಲು, ಹಲಸಿನ ಸಣ್ಣ ಕೊಂಬೆ ಸವರಲು ಒಂದು ಪುಟ್ಟ ಬ್ಯಾಟರಿ ಗರಗಸ ಬಂತು. ಕಾಫಿ ಸೀಮೆಯಲ್ಲೂ ಈಗ ಇದು ಮನೆಮನೆಯಲ್ಲಿದೆ. ಒಳ್ಳೆಯ ಸಾಮಾನು. ಆದರೆ ಡಬ್ಬಿಯ ಮೇಲಿನ ಅಂಕಿ ಓದಲು ಕಲಿಯಬೇಕು. ‘48’, ‘88’ ಎಂದು ದೊಡ್ಡದಾಗಿ ಬರೆದು ಪಕ್ಕದಲ್ಲಿ ವಿಎಫ್ ಎಂದು ಹಾಕಿರುತ್ತಾರೆ. ಅದು ವೋಲ್ಟ್ ಅಲ್ಲ. ಒಂದು ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್. ಐದು ಸೆಲ್ ಸಾಲಾಗಿ ಜೋಡಿಸಿದರೆ 21. ಇಂಥ ಹೆಚ್ಚಿನ ಗರಗಸಗಳೊಳಗೆ ಇರುವುದು ಇಷ್ಟೇ, ಓಡುವಾಗ 18 ವೋಲ್ಟ್ ಎಂದು ಲೆಕ್ಕ ಹಿಡಿಯಿರಿ.

ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ನಿಜವಾದ ಶಕ್ತಿ ಸಿಗುತ್ತದೆ. 18 ವೋಲ್ಟ್, 4 ಆಂಪಿಯರ್-ಅವರ್ ಎಂದರೆ 72 ವ್ಯಾಟ್-ಅವರ್. ಪೆಟ್ರೋಲ್ ಕಟರ್ ಪೂರ್ತಿ ಎಳೆದರೆ ಸುಮಾರು 1,000 ವ್ಯಾಟ್ ಕೆಲಸ ಮಾಡುತ್ತದೆ. ಅಷ್ಟೇ ಕೆಲಸವನ್ನು ಈ ಬ್ಯಾಟರಿಯಿಂದ ಮಾಡಿಸಿದರೆ ನಾಲ್ಕು ನಿಮಿಷಕ್ಕೆ ಖಾಲಿ. ಆದ್ದರಿಂದ ಎಕರೆಗಟ್ಟಲೆ ಹುಲ್ಲು ಹೊಡೆಯಲು ಒಂದೇ ಸಣ್ಣ ಬ್ಯಾಟರಿಯ ಕಟರ್ ಕೊಳ್ಳಬೇಡಿ. ಕೊಂಬೆ ಸವರುವುದು ಹಾಗಲ್ಲ. ಹತ್ತು ಸೆಕೆಂಡು ಓಡಿ ನಿಲ್ಲುತ್ತದೆ, ನನಗೆ ಎರಡು ಬ್ಯಾಟರಿಯಲ್ಲಿ ಅರ್ಧ ದಿನ ಸಾಗುತ್ತದೆ. ಒಂದು ಎಚ್ಚರ: ಗರಗಸ ಒಂದೇ ಕೈಯಲ್ಲಿ ಹಿಡಿಯುವಷ್ಟು ಹಗುರ, ಅದಕ್ಕೇ ಇನ್ನೊಂದು ಕೈ ಕೊಂಬೆ ಹಿಡಿಯಲು ಹೋಗುತ್ತದೆ. ಆ ಕೈಯನ್ನು ದೂರವಿಡಿ.

ತಲೆಗೆ ಕಟ್ಟುವ ಟಾರ್ಚಿನಲ್ಲೂ ಇದೇ ಕಥೆ. ಒಳಗಿರುವ ಸೆಲ್ಲಿನ ಹೆಸರು 18650. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಈ ಅಳತೆಯಲ್ಲಿ ಒಳ್ಳೆಯ ಕಂಪನಿಯವರೇ ತುಂಬುವುದು ಸುಮಾರು 3,500 ಎಂಎಎಚ್. 9,900 ಎಂದು ಬರೆದಿದ್ದರೆ ಅದು ಸುಳ್ಳು, ಅಂಥದ್ದನ್ನು ಕೆಳಗಿಟ್ಟು ಬನ್ನಿ. ನಾನು ತಂದದ್ದರಲ್ಲಿ ಸೆಲ್ ತೆಗೆದು ಬದಲಿಸಬಹುದು. ಹತ್ತಿರ ನೋಡಲು ಹರಡುವ ಬೆಳಕು, ಮರದ ತಲೆ ನೋಡಲು ದೂರ ಹೋಗುವ ಬೆಳಕು ಎರಡೂ ಇವೆ. ನೀರು ತಡೆಯುವ ಗುಣಕ್ಕೆ ಐಪಿಎಕ್ಸ್4 ಎಂದಿದ್ದರೆ ಎರಚಲು ಮಾತ್ರ ತಡೆಯುತ್ತದೆ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ನಮ್ಮ ಮಳೆಗೆ ಎರಡನೆಯದು.

ಪವರ್ ಬ್ಯಾಂಕಿನ 10,000 ಎಂಎಎಚ್ ಕೂಡ 3.7 ವೋಲ್ಟಿನ ಲೆಕ್ಕ. ಫೋನಿಗೆ ಹೋಗುವಾಗ ಅದು 5 ವೋಲ್ಟಿಗೆ ಏರಿ 6,000 ಚಿಲ್ಲರೆಗೆ ಇಳಿಯುತ್ತದೆ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ‘ರೇಟೆಡ್ ಕೆಪ್ಯಾಸಿಟಿ’ ಎಂದು ಬರೆದಿರುವುದೇ ನಿಜವಾದ ಸಂಖ್ಯೆ.

ಮನೆಯಲ್ಲಿ ಹೆಚ್ಚು ಸಂತೋಷ ತಂದದ್ದು ವೈಫೈ ರೂಟರಿಗೆ ಹಾಕುವ ಮಿನಿ ಯುಪಿಎಸ್. ಮಗಳ ಆನ್‌ಲೈನ್ ಕೆಲಸಕ್ಕೆ ಕರೆಂಟು ಹೋದ ಮೇಲೂ ಮೂರು ಗಂಟೆ ನೆಟ್ ಸಿಗುತ್ತದೆ. ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದೆಯೋ 9 ಎಂದಿದೆಯೋ ನೋಡಿಕೊಂಡೇ ಕೊಳ್ಳಿ. ತಾಮ್ರದ ಲ್ಯಾಂಡ್‌ಲೈನ್ ಕಾಲದಲ್ಲಿ ಸಿಡಿಲು ತಂತಿಯಲ್ಲೇ ಮನೆಯೊಳಗೆ ಬರುತ್ತಿತ್ತು. ಈಗಿನ ಫೈಬರ್ ಗಾಜಿನ ಎಳೆ, ಅದರೊಳಗೆ ಬರುವುದಿಲ್ಲ. ಆದರೆ ಕರೆಂಟಿನ ಪ್ಲಗ್ಗಿನಿಂದ ಬರುತ್ತದೆ. ಗುಡುಗು ಶುರುವಾದರೆ ಪಿನ್ನು ಕೀಳಿ.

ನಾಲ್ಕು ಮನೆಗೆ ಒಂದು ದೋಟಿ

ಕಾರ್ಬನ್ ಫೈಬರ್ ದೋಟಿ ಒಂದು ಮನೆಯವರು ಕೊಳ್ಳುವ ಬೆಲೆಯದಲ್ಲ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಗುವುದು ಕಷ್ಟವಾದ ಮೇಲೆ ಪಕ್ಕದ ಮನೆ ಭಾವ, ಕೆಳಗಿನ ಮನೆಯವರು, ಚಿಕ್ಕಪ್ಪ, ನಾವು ಸೇರಿ ನಾಲ್ಕು ಮನೆಗೆ ಒಂದು ತಂದೆವು. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಯಾರ ಮನೆಗೆ ಯಾವ ದಿನ, ಯಾವ ಭಾಗ ಸವೆದಿದೆ ಎಂದು ಒಂದು ಪುಸ್ತಕ ದೋಟಿಯ ಜೊತೆಗೇ ಮನೆಯಿಂದ ಮನೆಗೆ ಹೋಗುತ್ತದೆ. ಕತ್ತು ಹಿಡಿಯದಂತೆ ಕೈಗೆ ಅಭ್ಯಾಸವಾಗಲು ಒಂದು ವಾರ ಬೇಕು.

ಆದರೆ ಒಂದು ವಿಷಯ ದೋಟಿ ಇರುವ ಪ್ರತಿ ಮನೆಗೂ ಗೊತ್ತಿರಬೇಕು. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ. ತೋಟದ ಮೇಲೆ ಹಾದುಹೋದ ಲೈನಿಗೆ ದೋಟಿ ತಾಗಿದರೆ ಕೆಳಗೆ ನಿಂತವನು ಉಳಿಯುವುದಿಲ್ಲ. ನಾವು ಹಾಕಿಕೊಂಡ ನಿಯಮ ಹೀಗಿದೆ: ಪೂರ್ತಿ ಎಳೆದ ದೋಟಿ ಯಾವ ಕಡೆಗೆ ಬಿದ್ದರೂ ತಂತಿಗೆ ಮುಟ್ಟದಷ್ಟು ದೂರದಲ್ಲಿ ಮಾತ್ರ ಕೆಲಸ. ಲೈನಿನ ಕೆಳಗಿನ ಎರಡು ಸಾಲಿನ ಮರಗಳನ್ನು ಕರೆಂಟು ತೆಗೆಸದೆ ಯಾರೂ ಮುಟ್ಟುವುದಿಲ್ಲ, ಅಡಿಕೆ ಉದುರಿ ಹೋದರೂ ಸರಿ.

ಇನ್ನುಳಿದವನ್ನು ಬೇಗ ಹೇಳುತ್ತೇನೆ. ಎರಡು ತುಂಡಿನ ರೇನ್‌ಕೋಟು ಬೈಕಿಗೆ ಚೆನ್ನ, ತೋಟದ ಕೆಲಸಕ್ಕೆ ಒಳಗಿನ ಬೆವರಿಗೇ ಒದ್ದೆಯಾಗುತ್ತೇವೆ. ಬಗ್ಗಿ ಮಾಡುವ ಕೆಲಸಕ್ಕೆ ಗಾಳಿಯಾಡುವ ಕೊಪ್ಪೆಯೇ ಈಗಲೂ ಮೇಲು. ಪ್ಲಾಸ್ಟಿಕ್ಕಿನ ಮಳೆಮಾಪಕ ಅಗ್ಗದ್ದು, ಆದರೆ ಕೆಲಸದ್ದು. ಒಂದು ಮಿ.ಮೀ. ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು, 100 ಮಿ.ಮೀ. ಸುರಿದ ದಿನ ಒಂದು ಎಕರೆಗೆ ನಾಲ್ಕು ಲಕ್ಷ ಲೀಟರ್ ಬಿದ್ದಿರುತ್ತದೆ. ಬಸಿಗಾಲುವೆಯ ಹೂಳು ಯಾಕೆ ತೆಗೆಯಬೇಕು ಎಂದು ಅದನ್ನು ನೋಡಿದ ಮೇಲೆ ಮನೆಯ ಹುಡುಗರಿಗೆ ಹೇಳಬೇಕಾಗಿಲ್ಲ. ಕತ್ತಿ ಮಾತ್ರ ಆನ್‌ಲೈನಿನಲ್ಲಿ ತರಿಸಲಿಲ್ಲ. ಊರ ಕುಲುಮೆಯಲ್ಲಿ ಲಾರಿ ಪ್ಲೇಟಿನಿಂದ ಬಡಿಸಿದ್ದು, ಹಿಡಿ ನನ್ನ ಕೈಯ ಅಳತೆಗೆ.

ಬಿಲ್ಲು ಕೈಗೆ ಬಂದ ದಿನವೇ ಫೋಟೊ ತೆಗೆದಿಡಿ. ಅಂಗಡಿಯ ಬಿಲ್ಲಿನ ಅಕ್ಷರ ಆರು ತಿಂಗಳಿಗೆ ಮಾಸುತ್ತದೆ. ವಾರಂಟಿ ಕೊಡದೆ ಅಲೆಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಸಾಮಾನಿಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಯಂತ್ರ ಕೊಳ್ಳುವ ಮೊದಲೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನ ವಿಚಾರಿಸಿ ಅರ್ಜಿ ಹಾಕಿ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುವುದಾದರೆ ಎರಡು ದಿನ ತಂದು ನಡೆಸಿ ನೋಡಿ.

ಪಕ್ಕದ ಮನೆಯವರು ಏನಾದರೂ ಕೊಂಡರೆ ನಾವು ಮೊದಲು ಕೇಳುವುದು ಬೆಲೆ. ಅದರ ಬದಲು ಬಿಡಿಭಾಗ ಎಷ್ಟು ದೂರದಲ್ಲಿ ಸಿಗುತ್ತದೆ, ರಿಪೇರಿ ಮಾಡುವವರು ಯಾರು, ಮಧ್ಯಾಹ್ನದ ಹೊತ್ತಿಗೆ ಮೈಯ ಯಾವ ಭಾಗ ನೋಯುತ್ತದೆ ಎಂದು ಕೇಳಿ. ನಿಮ್ಮನ್ನು ಕೇಳಿದರೆ ಇದನ್ನೇ ಹೇಳಿ.

ಕೊನೆಗೆ ಒಂದು ಬೇಡಿಕೆ. ಈ ಮಳೆಗಾಲದ ನಡುವೆ ನನಗೆ ಕಂಡದ್ದು, ಯಂತ್ರಕ್ಕೆ ಸಾವಿರಗಟ್ಟಲೆ ಕೊಟ್ಟ ನಮ್ಮ ತೋಟದಲ್ಲಿ ಗಂಬೂಟು ಇದ್ದದ್ದು ಮನೆಯವರ ಕಾಲಿಗೆ ಮಾತ್ರ. ಕೆಲಸಕ್ಕೆ ಬರುವ ಅಕ್ಕಂದಿರು ಅದೇ ಹುಲ್ಲಿನಲ್ಲಿ, ಅದೇ ನೀರಿನಲ್ಲಿ ರಬ್ಬರ್ ಚಪ್ಪಲಿಯಲ್ಲಿ ನಡೆಯುತ್ತಿದ್ದರು. ಆಗಸ್ಟಿನಲ್ಲಿ ಅವರಿಗೂ ಮೂರು ಜೊತೆ ತಂದೆವು. ಮೃಗಶಿರ ಮಳೆ ಬರುವ ಮೊದಲೇ ನಿಮ್ಮ ತೋಟಕ್ಕೆ ಬರುವವರ ಕಾಲಿನ ನಂಬರು ಕೇಳಿ, ಬರೆದುಕೊಂಡು ಪೇಟೆಗೆ ಹೋಗಿ. ಹೆಂಗಸರ ಅಳತೆಯ ಗಂಬೂಟು ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಮುಂಚಿತವಾಗಿ ಹೇಳಿಟ್ಟರೆ ತರಿಸಿಕೊಡುತ್ತಾರೆ.